ಅಲಗು ಉಳಿಯಿತು, ಕಾವು ಅಳಿಯಿತು

ಚೆನ್ನೈ ನಗರದ ಎಗ್ಮೋರಿನಲ್ಲಿರುವ ಸರಕಾರಿ ವಸ್ತುಸಂಗ್ರಹಾಲಯದಲ್ಲಿ ತಂಜಾವೂರಿನ ಅರಮನೆಯ ಆಯುಧಗಳಿವೆ. ಮೊದಲು ವಿಜಯನಗರದ ಅಧೀನರಾಗಿದ್ದ ನಾಯಕರೂ, ಅವರ ತರುವಾಯ 1855ರವರೆಗೆ ಅಲ್ಲಿ ರಾಜ್ಯವಾಳಿದ ಭೋಸಲೆ ಮನೆತನದವರೂ ಕೂಡಿಸಿದ ಶಸ್ತ್ರಾಗಾರದ ಅವಶೇಷಗಳಿವು. ಕನ್ನಡ ನಾಡಿನ ಇತಿಹಾಸದೊಡನೆ ಹೆಣೆದುಕೊಂಡ ಈ ವಸ್ತುಗಳನ್ನು ಚೆನ್ನೈಯ ನಮ್ಮ ವಾಚಕರು ಒಮ್ಮೆಯಾದರೂ ನೋಡತಕ್ಕದ್ದು.

ತಂಜಾವೂರಿನ ಈಟಿ, ಅಂಕುಶಗಳಲ್ಲಿ ಯಾಳಿಯೂ ಪಕ್ಷಿಯೂ ಬಳ್ಳಿಯೂ ಉಕ್ಕಿನಲ್ಲಿಯೇ ಮೂಡಿವೆ. ಮೇಣದಂತೆ ತಿದ್ದಲು ಬಾರದ ಲೋಹವನ್ನು ಉಳಿಯಿಂದ ಕೊರೆಯುವಾಗ, ಒಂದು ಏಟು ತಪ್ಪಿದರೆ ಹಲವು ದಿನಗಳ ದುಡಿಮೆ ಹಾಳು. ಈಟಿಯ ಅಲಗಿನ ನಡುವೆ ಎದ್ದು ನಿಲ್ಲುವ ಏಣು ಬರಿಯ ಅಂದಕ್ಕಲ್ಲ. ತೆಳುವಾದ ಅಲಗು ಬಾಗದಂತೆ ಅದು ಬೆನ್ನೆಲುಬಾಗಿ ತಡೆಯುತ್ತದೆ.

ಆದರೆ ಅಲಗೊಂದೇ ಆಯುಧವಲ್ಲ. ಕಾವು ಅದರ ಇನ್ನರ್ಧ. ಒಳಗೆ ಪೊಳ್ಳಿಲ್ಲದ ಗಟ್ಟಿಬಿದಿರನ್ನು ಆರಿಸಿ, ಒಣಗಿಸಿ, ಬೆಂಕಿಯ ಕಾವಿನಲ್ಲಿ ನೆಟ್ಟಗೆ ಮಾಡುತ್ತಿದ್ದರು. ಅದು ಹಗುರ, ಬಳುಕಿದರೂ ಬೇಗನೆ ಮುರಿಯದು. ಅಲಗಿನ ಬುಡದ ಕೊಳವೆ ತುದಿಗೆ ಹೋದಂತೆ ಕಿರಿದಾಗುವುದರಿಂದ ಪ್ರತಿಯೊಂದು ತಿವಿತವೂ ಅದನ್ನು ಇನ್ನಷ್ಟು ಬಿಗಿಗೊಳಿಸುತ್ತದೆ. ಹಿಂದಕ್ಕೆ ಸೆಳೆದಾಗ ಕಳಚದಂತೆ ಅಡ್ಡಮೊಳೆ ಹಿಡಿಯುತ್ತದೆ. ಕೆಳತುದಿಯ ಕಬ್ಬಿಣದ ಮೊನೆ ನೆಲದಲ್ಲಿ ಊರಲು ಒದಗುವುದಲ್ಲದೆ ಅಲಗಿನ ಭಾರವನ್ನೂ ಸರಿದೂಗಿಸುತ್ತದೆ. ಮರಾಠರ 'ವಿಟಾ' ಎಂಬ ಈಟಿಗೆ ಹಗ್ಗವನ್ನು ಕಟ್ಟಿ, ಎಸೆದ ಮೇಲೆ ಮರಳಿ ಸೆಳೆದುಕೊಳ್ಳುವಂತೆ ಮಾಡಿದ್ದರು. ಕೊಲ್ಹಾಪುರದ ಮರ್ದಾನಿ ಖೇಳದಲ್ಲಿ ಅದರ ಪ್ರಯೋಗ ಇಂದಿಗೂ ಉಳಿದಿದೆ.

ಕಾಲವಾದರೋ ಕಬ್ಬಿಣಕ್ಕೆ ತೋರಿದಷ್ಟು ದಯೆಯನ್ನು ಬಿದಿರಿಗೆ ತೋರಲಿಲ್ಲ. ಗೆದ್ದಲು ತಿಂದ ಕಾವಿನೊಡನೆ ಅದನ್ನು ಹದಗೊಳಿಸಿದವರ ವಿದ್ಯೆಯೂ ಬಹುಮಟ್ಟಿಗೆ ಮರೆಯಾಗಿದೆ. ಅರಸರ ಹೆಸರುಗಳು ದೊರೆಯುತ್ತವೆ. ತಿದಿಯೊತ್ತಿದ ಕಮ್ಮಾರನ, ಬಿದಿರನ್ನು ಆರಿಸಿದ ಕುಶಲಿಯ ಹೆಸರು ದೊರೆಯುವುದು ಅತಿ ವಿರಳ. ಕಾವಿಲ್ಲದ ಅಲಗನ್ನು ಗಾಜಿನೊಳಗೆ ಕಂಡ ಬಾಲಕರು ಅದನ್ನು ಕಠಾರಿಯೆಂದೇ ಬಗೆದರೆ ಆಶ್ಚರ್ಯವಿಲ್ಲ.

ದೇಶದ ಸಂಗ್ರಹಾಲಯಗಳು ಇಂತಹ ಅಲಗುಗಳ ಹಿಂದಿನ ಗೋಡೆಯ ಮೇಲೆ ಕಾವಿನ ಅಳತೆಯನ್ನು ಒಂದು ಗೆರೆಯಿಂದಲಾದರೂ ತೋರಿಸಬೇಕೆಂದು ನಾವು ಬಯಸುತ್ತೇವೆ. ವೆಚ್ಚ ಅತ್ಯಲ್ಪ; ಆದರೆ ಆ ಗೆರೆಯಿಂದ ಆಯುಧವೂ ಪೂರ್ಣವಾಗಿ ಕಂಡೀತು, ಅದನ್ನು ಮಾಡಿದ ಕೈಗಳ ನೆನಪೂ ಉಳಿದೀತು.