ಬಾಡಿಗೆ ಮನೆಗೆ ಹಣ ಹಾಕುವ ಮುನ್ನ
ತಾಳವಾಡಿ ಬೆಟ್ಟದಿಂದ ಕೆಲವು ಅನುಭವದ ಮಾತುಗಳು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಕಟ್ಟಿದ ಮನೆಯನ್ನು ಬಾಡಿಗೆಗೆ ಕೊಟ್ಟು ನೋಡು ಎಂದೂ ಸೇರಿಸಬೇಕಾದ ಕಾಲ ಬಂದಿದೆ. ನಿವೃತ್ತಿಯ ಗಂಟು ಕೈಗೆ ಬಂದ ಸಹೋದ್ಯೋಗಿಗಳು, ಮಗ ಪಟ್ಟಣದಿಂದ ಕಳುಹಿಸಿದ ಹಣವನ್ನು ಕೂಡಿಟ್ಟ ತಾಯಂದಿರು ನಮ್ಮನ್ನು ಕೇಳುವುದು ಒಂದೇ ಪ್ರಶ್ನೆ: “ಒಂದು ಸಣ್ಣ ಮನೆ ಮಾಡಿ ಬಾಡಿಗೆಗೆ ಬಿಟ್ಟರೆ ಹೇಗೆ ಮೇಷ್ಟ್ರೇ?” ನಾವು ವಕೀಲರಲ್ಲ, ದಲ್ಲಾಳಿಗಳೂ ಅಲ್ಲ, ಪಾಠ ಹೇಳುವವರು. ಆದರೂ ಪೆಟ್ಟು ತಿಂದು ಕಲಿತದ್ದನ್ನು ಹೇಳದೆ ಇರುವುದು ಸರಿಯಲ್ಲ.

ತಾಳವಾಡಿಯ ಜಾತಕ ಕಾಸರಗೋಡಿನ ಓದುಗರಿಗೆ ಹೊಸದಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ದಿನ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರಿಗೆ ಬಂತು. ಪಕ್ಕದ ತಾಳವಾಡಿ ಬೆಟ್ಟ ಮಾತ್ರ ಮದ್ರಾಸಿನಲ್ಲೇ ಉಳಿಯಿತು. ಇಂದು ಅದು ಈರೋಡ್ ಜಿಲ್ಲೆಯಲ್ಲಿದೆ. 2016ರಲ್ಲಿ ಸತ್ಯಮಂಗಲದಿಂದ ಬೇರ್ಪಟ್ಟು ಪ್ರತ್ಯೇಕ ತಾಲೂಕಾಯಿತು. ಮನೆಯ ಮಾತು ಕನ್ನಡ, ಕಚೇರಿಯ ಕಾಗದ ತಮಿಳು. ಬಾಡಿಗೆ ಮನೆಯ ವ್ಯವಹಾರದಲ್ಲಿ ನಮ್ಮವರು ಎಡವುವುದು ಮುಖ್ಯವಾಗಿ ಈ ಎರಡರ ನಡುವೆ.

ನಮ್ಮ ಮನೆಯಲ್ಲೇ ನಡೆದದ್ದು

ನಮ್ಮ ಹಿರಿಯರೊಬ್ಬರು ಬೀದಿ ಬದಿಯ ಎರಡು ಕೋಣೆಯ ಮನೆಯನ್ನು ಒಬ್ಬರಿಗೆ ಕೊಟ್ಟರು. ಒಂದು ಲಕ್ಷ ರೂಪಾಯಿ ‘ಅಡ್ವಾನ್ಸ್’ ಬಂತೆಂದು ಸಂತೋಷಪಟ್ಟರು. ತಮಿಳಿನಲ್ಲಿ ಬರೆದಿದ್ದ ಕಾಗದಕ್ಕೆ ಸಹಿ ಹಾಕಿದರು. ತಿಂಗಳು ಕಳೆದು ಬಾಡಿಗೆ ಕೇಳಲು ಹೋದಾಗ, “ಬಾಡಿಗೆ ಎಲ್ಲಿಯದು? ಇದು ಒತ್ತಿ” ಎಂಬ ಉತ್ತರ ಬಂತು. ಒತ್ತಿ ಎಂದರೆ ನಮ್ಮ ಕಡೆಯ ಭೋಗ್ಯ. ಇಡುಗಂಟು ಕೊಟ್ಟವನು ಬಾಡಿಗೆಯಿಲ್ಲದೆ ಮನೆಯನ್ನು ಅನುಭವಿಸುತ್ತಾನೆ. ಬಿಡುವಾಗ ಇಡುಗಂಟು ಪೂರ್ತಿ ಹಿಂದಿರುಗಿಸಬೇಕು. ಆ ಹಣವಾಗಲೇ ಮಗಳ ಮದುವೆಗೆ ಖರ್ಚಾಗಿತ್ತು. ಮನೆ ಬಿಡಿಸಿಕೊಳ್ಳಲು ಮೂರು ವರ್ಷ ಹಿಡಿಯಿತು, ಎರಡು ಹಸು ಹೋದವು. ಬಂದವರು ಮೋಸ ಮಾಡಿದರೆಂದು ನಾವು ಹೇಳಲಾರೆವು. ಕಾಗದದಲ್ಲಿ ಇದ್ದದ್ದು ಇತ್ತು; ನಮ್ಮವರು ಓದಿರಲಿಲ್ಲ, ಅಷ್ಟೆ. ಮನೆಯಲ್ಲಿ ತಮಿಳು ಬಲ್ಲ ಮಕ್ಕಳಿದ್ದೂ ಯಾರೂ ಓದಿಸಲಿಲ್ಲ ಎಂಬುದು ಇಂದಿಗೂ ಕೊರಗು.

ಬಾಡಿಗೆಗೆ ಬರುವವರು ಯಾರು?

ಹಣ ಹಾಕುವ ಮೊದಲು ಈ ಪ್ರಶ್ನೆ ಕೇಳಿಕೊಳ್ಳಬೇಕು. ಬೆಟ್ಟದ ಊರಿನಲ್ಲಿ ಬಾಡಿಗೆಗೆ ಮನೆ ಹುಡುಕುವವರು ಹೆಚ್ಚಾಗಿ ವರ್ಗವಾಗಿ ಬಂದ ಶಿಕ್ಷಕರು, ದಾದಿಯರು, ಬ್ಯಾಂಕಿನವರು, ಅರಣ್ಯ ಹಾಗೂ ಪೋಲೀಸ್ ಇಲಾಖೆಯವರು. ದಿಂಬಂ ಘಾಟಿಯ 27 ತಿರುವುಗಳನ್ನು ದಿನವೂ ಹತ್ತಿ ಇಳಿಯುವುದು ಯಾರಿಗೂ ಸುಲಭವಲ್ಲ. 2022ರ ಫೆಬ್ರವರಿಯಿಂದ ಅಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವೂ ಇದೆ. ಆದ್ದರಿಂದ ಬಾಡಿಗೆದಾರರು ಇದ್ದಾರೆ, ಆದರೆ ಬೆರಳೆಣಿಕೆಯಷ್ಟು. ವರ್ಗಾವಣೆಯಾದರೆ ಮನೆ ತಿಂಗಳುಗಟ್ಟಲೆ ಖಾಲಿ. ಅವರಿಗೆ ಬೇಕಾದದ್ದು ಅರಮನೆಯಲ್ಲ. ಬಸ್ಸಿಗೆ ಹತ್ತಿರ, ನೀರಿಗೆ ಕೊರತೆಯಿಲ್ಲದ, ಬಚ್ಚಲು ಶೌಚಾಲಯ ಒಳಗೇ ಇರುವ ಎರಡು ಕೋಣೆ.

ಬಾಯಿಲೆಕ್ಕ ಬೇಡ

ಒಂದು ಉದಾಹರಣೆ ನೋಡೋಣ. ಹತ್ತು ಲಕ್ಷಕ್ಕೆ ಮನೆ ಕೊಂಡಿರೆನ್ನಿ. ತಮಿಳುನಾಡಿನಲ್ಲಿ ಕ್ರಯಪತ್ರಕ್ಕೆ ಮುದ್ರಾಂಕ ಶುಲ್ಕ ಶೇ. 7, ನೋಂದಣಿ ಶುಲ್ಕ ಶೇ. 2, ಅಲ್ಲಿಗೆ 90,000 ರೂ. (2025ರ ಏಪ್ರಿಲ್ 1ರಿಂದ, ಹತ್ತು ಲಕ್ಷದವರೆಗಿನ ಆಸ್ತಿ ಮಹಿಳೆಯ ಹೆಸರಿಗಾದರೆ ನೋಂದಣಿ ಶುಲ್ಕದಲ್ಲಿ ಶೇ. 1 ರಿಯಾಯಿತಿಯಿದೆ, ಮನೆಯೊಡತಿಯ ಹೆಸರಿಗೆ ಮಾಡಿಸಲು ಇದೂ ಒಂದು ಕಾರಣ.) ಬಾಡಿಗೆ ತಿಂಗಳಿಗೆ 4,000 ರೂ. ಬಂದರೂ ವರ್ಷದಲ್ಲಿ ಒಂದು ತಿಂಗಳು ಖಾಲಿ ಎಂದಿಟ್ಟುಕೊಳ್ಳಬೇಕು. 44,000 ರೂಪಾಯಿಯಲ್ಲಿ ಮನೆ ತೆರಿಗೆ, ಸುಣ್ಣ ಬಣ್ಣ, ರಿಪೇರಿಗೆ 6,000 ಕಳೆದರೆ ಉಳಿಯುವುದು 38,000. ಹಾಕಿದ ಹಣಕ್ಕೆ ಶೇ. ಮೂರೂವರೆ. ಅಂಚೆ ಕಚೇರಿಯ ತಿಂಗಳ ಆದಾಯ ಯೋಜನೆ ಯಾವ ರಿಪೇರಿಯೂ ಇಲ್ಲದೆ ಇದರ ಸುಮಾರು ಎರಡು ಪಟ್ಟು ಕೊಡುತ್ತದೆ.

ಸಾಲ ಮಾಡಿದರಂತೂ ಕಷ್ಟ. ಐದು ಲಕ್ಷಕ್ಕೆ ಶೇ. 9ರ ಬಡ್ಡಿಯಲ್ಲಿ 15 ವರ್ಷದ ಕಂತು ತಿಂಗಳಿಗೆ ಸುಮಾರು 5,070 ರೂ. 4,000 ರೂಪಾಯಿ ಬಾಡಿಗೆ ಇದನ್ನು ತೀರಿಸದು. ಭೂಮಿಯ ಬೆಲೆ ಏರುತ್ತದಲ್ಲ ಎನ್ನುವವರಿದ್ದಾರೆ. ಏರಬಹುದು, ಆದರೆ ಏರಿದ ಬೆಲೆಯಿಂದ ಈ ತಿಂಗಳ ಅಕ್ಕಿ ಬರುವುದಿಲ್ಲ. ಹೊಸಬರಿಗೆ ನಾವು ಹೇಳುವುದಿಷ್ಟೆ: ಸ್ವಂತ ನಿವೇಶನವಿದ್ದರೆ, ಪಂಚಾಯತಿಯ ಅನುಮತಿ ಪಡೆದು, ಸಾಲವಿಲ್ಲದೆ ಎರಡು ಕೋಣೆ ಕಟ್ಟಿ ಪ್ರಾರಂಭಿಸಿ. ಇರುವುದೆಲ್ಲವನ್ನೂ ಒಂದೇ ಮನೆಗೆ ಸುರಿಯಬೇಡಿ.

ಕೊಳ್ಳುವಾಗ ನೋಡಬೇಕಾದ ಕಾಗದ

ಮಾರುವವರ ಹೆಸರಿನಲ್ಲಿ ಪಟ್ಟಾ ಇದೆಯೇ, ಮೂಲಪತ್ರ ಇದೆಯೇ ನೋಡಬೇಕು. 30 ವರ್ಷದ ಋಣಭಾರ ಪತ್ರ ತೆಗೆಸಬೇಕು. ತಮಿಳಿನಲ್ಲಿ ಇದು ‘ವಿಲ್ಲಂಗ’ ಸರ್ಟಿಫಿಕೇಟು. ಸರಕಾರ ಬಡವರಿಗೆ ಷರತ್ತಿನ ಮೇಲೆ ಕೊಟ್ಟ ಭೂಮಿಯನ್ನೂ, ದಲಿತರಿಗೆಂದು ಬ್ರಿಟಿಷರ ಕಾಲದಲ್ಲಿ ಕೊಟ್ಟ ಪಂಚಮಿ ಭೂಮಿಯನ್ನೂ ಅಗ್ಗವೆಂದು ಮುಟ್ಟಬಾರದು. ಅದು ನ್ಯಾಯವೂ ಅಲ್ಲ, ಕೊಂಡರೆ ನಿಲ್ಲುವುದೂ ಇಲ್ಲ. ಅನುಮೋದನೆಯಿಲ್ಲದ ಬಡಾವಣೆಯ ನಿವೇಶನವೂ ಬೇಡ. ಸತ್ಯಮಂಗಲ ಕಾಡು 2013ರಿಂದ ಹುಲಿ ಸಂರಕ್ಷಿತ ಪ್ರದೇಶ. ಕಾಡಂಚಿನ ಜಾಗವಾದರೆ ಕಟ್ಟಲು ಅಡ್ಡಿಯಿದೆಯೇ ಎಂದು ಕಚೇರಿಯಲ್ಲಿ ವಿಚಾರಿಸಿಯೇ ಮುಂಗಡ ಕೊಡಿ.

ಕೆಲವು ಪದ ಬಾಯಿಪಾಠವಾಗಿರಲಿ. ವಾಡಗೈ ಎಂದರೆ ಬಾಡಿಗೆ, ಕುತ್ತಗೈ ಎಂದರೆ ಗುತ್ತಿಗೆ, ಕಿರಯಂ ಎಂದರೆ ಕ್ರಯ, ಅಡಮಾನಂ ಎಂದರೆ ಅಡವು, ಒತ್ತಿ ಎಂದರೆ ಭೋಗ್ಯ. ಕಾಸರಗೋಡಿನವರು ಮಲಯಾಳದ ವಾಡಗ, ಪಾಟ್ಟಂ, ಪಣಯಂ, ಒಟ್ಟಿ ಎಂಬವನ್ನು ಹೀಗೆಯೇ ಗುರುತಿಟ್ಟುಕೊಳ್ಳಬೇಕು.

ಬಾಡಿಗೆ ಕರಾರು

ಪರಿಚಯದವರೆಂದು ಬಾಯಿಮಾತಿನಲ್ಲಿ ಮುಗಿಸಬೇಡಿ. ಬಾಡಿಗೆ ಎಷ್ಟು, ಯಾವ ತಾರೀಕು, ಮುಂಗಡ ಎಷ್ಟು, ವಿದ್ಯುತ್ ಯಾರದು, ಬಿಡಲು ಎಷ್ಟು ದಿನದ ನೋಟೀಸು, ಎಲ್ಲವೂ ಬರಹದಲ್ಲಿರಲಿ. ಒಂದು ವರ್ಷ ಮೀರಿದ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಲೇಬೇಕು. 11 ತಿಂಗಳ ಕರಾರಿನ ರೂಢಿ ಬಂದದ್ದು ಇದರಿಂದಲೇ. ತಮಿಳುನಾಡಿನಲ್ಲಿ 2019ರ ಫೆಬ್ರವರಿ 22ರಂದು ಜಾರಿಗೆ ಬಂದ ಬಾಡಿಗೆ ಕಾಯ್ದೆ ಲಿಖಿತ ಕರಾರನ್ನೂ ಅದರ ದಾಖಲಾತಿಯನ್ನೂ ಕೇಳುತ್ತದೆ. ಬೇರೆ ಒಪ್ಪಂದವಿಲ್ಲದಿದ್ದರೆ ಮುಂಗಡ ಮೂರು ತಿಂಗಳ ಬಾಡಿಗೆಯನ್ನು ಮೀರಕೂಡದು. ತಮ್ಮ ಊರು ಇದರ ವ್ಯಾಪ್ತಿಗೆ ಬರುತ್ತದೆಯೇ ಎಂದು ಕೇಳಿ ತಿಳಿಯಬೇಕು. ಕೇರಳದ 1965ರ ಕಾಯ್ದೆ ಅನ್ವಯಿಸುವ ಕಡೆ, ಅವಧಿ ಮುಗಿಯಿತೆಂಬ ಒಂದೇ ಕಾರಣಕ್ಕೆ ಬಾಡಿಗೆದಾರರನ್ನು ಎಬ್ಬಿಸಲಾಗದು. ಬಾಡಿಗೆ ಬಾಕಿ, ಸ್ವಂತ ಅಗತ್ಯ ಮುಂತಾದ ಕಾರಣ ಬೇಕು. ಮುಂಗಡವನ್ನು ಖರ್ಚು ಮಾಡದೆ ಬ್ಯಾಂಕಿನಲ್ಲಿಡಿ. ಅದು ನಮ್ಮ ಹಣವಲ್ಲ.

ಕೊನೆಯದಾಗಿ ಭಾಷೆಯ ಮಾತು. ಜಿಲ್ಲೆಯಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿಲ್ಲದ, ಅಧಿಕಾರಿಗೆ ತಿಳಿಯದ ಭಾಷೆಯ ಪತ್ರವಾದರೂ ಸರಿಯಾದ ಅನುವಾದ ಮತ್ತು ನಕಲು ಜೊತೆಗಿದ್ದರೆ ನೋಂದಣಿಗೆ ಅವಕಾಶವಿದೆ; ನೋಂದಣಿ ಕಾಯ್ದೆಯ 19ನೆಯ ಕಲಮು ಇದನ್ನು ಹೇಳುತ್ತದೆ. ಕನ್ನಡದಲ್ಲಿ ಸಹಿ ಹಾಕಿದ ಮಾತ್ರಕ್ಕೆ ಕಾಗದ ಅಸಿಂಧುವಾಗುವುದಿಲ್ಲ. ಪತ್ರ ತಮಿಳಿನಲ್ಲಾಗಲಿ ಮಲಯಾಳದಲ್ಲಾಗಲಿ, ಸಹಿಗೆ ಮೊದಲು ಒಂದು ರಾತ್ರಿ ಮನೆಗೆ ತನ್ನಿ. ಬಲ್ಲವರಿಂದ ಗಟ್ಟಿಯಾಗಿ ಓದಿಸಿ, ಕನ್ನಡದಲ್ಲಿ ಬರೆಸಿಟ್ಟುಕೊಳ್ಳಿ. “ನಾಳೆಯೇ ಸಹಿಯಾಗಬೇಕು” ಎಂದು ಅವಸರ ಮಾಡುವವರ ವ್ಯವಹಾರ ಬಿಟ್ಟರೆ ನಷ್ಟವಿಲ್ಲ.

ನಮ್ಮ ಶಾಲೆಯ ಮಕ್ಕಳು ಕನ್ನಡವನ್ನೂ ಓದುತ್ತಾರೆ, ರಾಜ್ಯದ ಭಾಷೆಯನ್ನೂ ಓದುತ್ತಾರೆ. ಊರಿನ ಹಿರಿಯರು ಸಹಿ ಹಾಕುವಾಗ ಅಂಥ ಒಬ್ಬರು ಪಕ್ಕದಲ್ಲಿ ಕುಳಿತು ಓದಿ ಹೇಳಿದರೆ, ಇನ್ನೊಂದು ಮನೆಯ ಹಸು ಕೊಟ್ಟಿಗೆಯಲ್ಲಿ ಉಳಿದೀತು.