ಪಟ್ಟದಾನೆಗಳ ಕಲ್ಲುಮನೆ

ಪ್ರಾಣಿ ಪಕ್ಷಿಗಳಿಗೆಂದೇ ಗಟ್ಟಿ ಕಟ್ಟಡ ಕಟ್ಟಿಸಿದ ದೇಶಗಳು ಹಲವು. ಇಂಗ್ಲೆಂಡಿನ ಜಮೀನ್ದಾರರು ಮಾಂಸಕ್ಕಾಗಿ ಪಾರಿವಾಳ ಸಾಕಲು ಕಲ್ಲಿನ ಗೋಪುರ ಎಬ್ಬಿಸಿ, ಒಳಗೋಡೆಯ ತುಂಬ ಗೂಡು ಬಿಡಿಸಿದರು. ಇರಾನಿನ ಇಸ್ಫಹಾನ್ ಸುತ್ತ ಹೊಲಗಳಿಗೆ ಪಾರಿವಾಳದ ಹಿಕ್ಕೆ ಒಳ್ಳೆಯ ಗೊಬ್ಬರವೆಂದು ಮಣ್ಣಿಟ್ಟಿಗೆಯ ಗೋಪುರಗಳೆದ್ದವು. ನಮ್ಮ ಹೊಸಪೇಟೆ ಸೀಮೆಯಲ್ಲಿ ಆ ಭಾಗ್ಯ ಆನೆಯದು. ಚಿತ್ತವಾಡ್ಗಿಯಿಂದ ಬೈಕಿನಲ್ಲಿ ಹೊರಟು ಕಮಲಾಪುರ ದಾಟಿದರೆ ಹಂಪಿಯ ಗಜಶಾಲೆ ಸಿಗುತ್ತದೆ.

ಕಮಲ ಮಹಲಿನ ಆವರಣದಿಂದ ಆಚೆ ಬಂದೊಡನೆ ಉದ್ದಕ್ಕೆ ಸಾಲಾಗಿ ನಿಂತ 11 ಕೋಣೆಗಳು. ಒಂದೊಂದಕ್ಕೂ ಆನೆ ಸಲೀಸಾಗಿ ನುಗ್ಗುವಷ್ಟು ಎತ್ತರದ ಕಮಾನು. ನಡುವಿನ ಕೋಣೆಯ ಮೇಲ್ಭಾಗ ಬಿದ್ದುಹೋಗಿದೆ. ಅದರ ಎಡಬಲಕ್ಕೆ ಐದೈದು ಗುಮ್ಮಟ. ಎಲ್ಲವೂ ಒಂದೇ ಅಚ್ಚಿನವಲ್ಲ: ಕೆಲವು ನುಣುಪಾದ ದುಂಡು, ಕೆಲವಕ್ಕೆ ಏಣು, ಕೆಲವು ಎಂಟು ಮೂಲೆಯವು. ಎಡಗಡೆಯ ಕ್ರಮವೇ ಬಲಗಡೆಯೂ ಇರುವುದರಿಂದ ಕಣ್ಣಿಗೆ ಗೊಂದಲವಾಗುವುದಿಲ್ಲ. ಸುಲ್ತಾನರ ನಾಡಿನ ಗುಮ್ಮಟ, ಕಮಾನುಗಳನ್ನು ವಿಜಯನಗರದ ಅರಮನೆಯವರು ಹೀಗೆ ತಮ್ಮದಾಗಿಸಿಕೊಂಡರು. ದೇವಾಲಯಕ್ಕೆ ಕಂಬ ಮತ್ತು ತೊಲೆ, ರಾಜಮನೆತನದ ಕಟ್ಟಡಕ್ಕೆ ಕಮಾನು ಮತ್ತು ಗಾರೆ ಎಂಬ ಈ ಪಾಲು ನನಗೆ ಹಂಪಿಯ ಬಹು ದೊಡ್ಡ ಜಾಣತನವಾಗಿ ಕಾಣುತ್ತದೆ.

ಬಹಳ ಮಂದಿ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಹೊರಟುಬಿಡುತ್ತಾರೆ. ಒಳಗೆ ಹೋಗಿ ಕತ್ತೆತ್ತಬೇಕು. ಚಾವಣಿಯಲ್ಲಿ ಕಬ್ಬಿಣದ ಕೊಂಡಿ ಇದೆ. ಹಿಂಗೋಡೆಯಲ್ಲಿ ಮನುಷ್ಯ ಮಾತ್ರ ಹಾಯಬಹುದಾದ ಪುಟ್ಟ ಬಾಗಿಲು. ಆನೆಗೆ ಮುಂದಿನ ದಾರಿ, ಮಾವುತನಿಗೆ ಹಿಂದಿನದು.

1443ರಲ್ಲಿ ಇಮ್ಮಡಿ ದೇವರಾಯನ ಆಸ್ಥಾನಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಅರಮನೆಯ ಆನೆಗಳ ಊಟವನ್ನು ಬಿಡಿಸಿ ಬರೆದಿದ್ದಾನೆ. ಕಿಚಡಿ ಬೇಯಿಸಿ, ಉಪ್ಪು ಸಕ್ಕರೆ ಬೆರೆಸಿ, ದೊಡ್ಡ ದೊಡ್ಡ ಉಂಡೆ ಕಟ್ಟಿ, ಬೆಣ್ಣೆಯಲ್ಲಿ ಅದ್ದಿ ಬಾಯಿಗಿಡುತ್ತಿದ್ದರಂತೆ. ಇವುಗಳಲ್ಲಿ ಒಂದು ಮರೆತರೂ ಆನೆ ಮಾವುತನ ಮೇಲೆಯೇ ತಿರುಗಿಬೀಳುತ್ತಿತ್ತಂತೆ! ಆದರೆ ಅವನು ಕಂಡ ಆನೆಮನೆಗೆ ಗಟ್ಟಿಮರದ ಚಾವಣಿ ಇತ್ತು. ಹಾಗಾಗಿ ಅವನ ಮಾತನ್ನು ಈ ಗುಮ್ಮಟಗಳಿಗೆ ನೇರವಾಗಿ ಅಂಟಿಸಲಾಗದು. ಸುಮಾರು 1520ರಲ್ಲಿ ಬಂದ ಪೋರ್ಚುಗೀಸ ಡೊಮಿಂಗೊ ಪಾಯೆಸ್ ಆಗಿನ ರಾಯನ ಸ್ವಂತದ ಆನೆಗಳೇ 800 ಎಂದು ಬರೆದ. ಅಷ್ಟರಲ್ಲಿ 11 ಕೋಣೆ ಯಾರ ಪಾಲಿಗೆ? ಪಟ್ಟದ ಆನೆಗಳಿಗೇ ಇರಬೇಕು ಎಂದು ನನ್ನ ಊಹೆ. ಇದು ಲಾಯವೇ ಹೌದೇ ಎಂದು ಅನುಮಾನಿಸುವ ವಿದ್ವಾಂಸರೂ ಇದ್ದಾರೆ. ಆದರೆ ಆ ಕಮಾನಿನ ಎತ್ತರ ನೋಡಿದ ಮೇಲೆ ನಾನು ಊರವರ ಮಾತಿನ ಕಡೆಗೇ ವಾಲುತ್ತೇನೆ.

ಆ ಆನೆಗಳ ಮೆರವಣಿಗೆ ನೋಡಬೇಕೆಂದರೆ ಹತ್ತಿರದ ಹಜಾರರಾಮ ದೇವಾಲಯದ ಪ್ರಾಕಾರದ ಗೋಡೆಗೆ ಹೋಗಿ. ಕೆಳಸಾಲಿನ ತುಂಬ ಆನೆಗಳು, ಮೇಲೆ ಕುದುರೆಗಳು, ಅದರ ಮೇಲೆ ಸೈನಿಕರು.

ಸುಲ್ತಾನರೊಂದಿಗಿನ 1565ರ ಯುದ್ಧದಲ್ಲಿ ವಿಜಯನಗರ ಸೋತ ನಂತರ ಪಟ್ಟಣ ಹಾಳಾಯಿತು. ಗಜಶಾಲೆ ಮಾತ್ರ ಹೆಚ್ಚುಕಡಿಮೆ ಇಡಿಯಾಗಿ ಉಳಿಯಿತು. ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಕಟ್ಟಡ ಪಶ್ಚಿಮಕ್ಕೆ ಮುಖ ಮಾಡಿದೆ, ಆದ್ದರಿಂದ ಸಂಜೆಯ ಬಿಸಿಲಿಗೆ ಹೋಗಿ. ಮಕ್ಕಳನ್ನೂ ಕರೆದೊಯ್ಯಿರಿ, ಗೋಡೆಯ ಗಾರೆಯ ಮೇಲೆ ಹೆಸರು ಕೆತ್ತಬಾರದೆಂದು ಮೊದಲೇ ಹೇಳಿಡಿ.