ಗಾಡಿಯ ಮೂತಿ ಎತ್ತುವ ಮೊದಲು ಮನೆಯವರು ತಿಳಿಯಬೇಕಾದದ್ದು

ಅಂಗಳದಲ್ಲಿ ನಿಲ್ಲಿಸಿದ ಫಾರ್ಚುನರ್‌ನಂಥ ದೊಡ್ಡ ಗಾಡಿಯನ್ನು ಒಮ್ಮೆ ಪಕ್ಕದಿಂದ ನೋಡಿ. ಖಾಲಿ ಇರುವಾಗ ಹಿಂಭಾಗ ತುಸು ಎತ್ತರ, ಮುಂಭಾಗ ತುಸು ತಗ್ಗು. ಹಿರಿಯರ ಕಣ್ಣಿಗೆ ಇದು ಬೀಳುವುದೇ ಇಲ್ಲ. ಆದರೆ ನಮ್ಮ ಹುಡುಗರ ಕಣ್ಣಿಗೆ ಮೊದಲು ಬೀಳುವುದೇ ಇದು. "ಎದುರು ಸ್ವಲ್ಪ ಎತ್ತಿದ್ರೆ ಗಾಡಿಗೊಂದು ಗತ್ತು ಬರ್ತದೆ ಉಸ್ತಾದ್, ಬರೀ ಸ್ಪೇಸರ್ ಹಾಕಿದ್ರೆ ಆಯ್ತು, ಅರ್ಧ ದಿನದ ಕೆಲಸ" ಎಂದು ಅವರು ಹೇಳುವುದನ್ನು ನಾವು ಈಚೆಗೆ ಎಷ್ಟೋ ಬಾರಿ ಕೇಳಿದ್ದೇವೆ.

ಮದ್ರಸದಲ್ಲಿ ಪಾಠ ಹೇಳುವವರಿಗೆ ಗಾಡಿಯ ಸ್ಪ್ರಿಂಗಿನ ವಿಷಯ ಯಾಕೆ ಎಂದು ಕೇಳಬಹುದು. ನಮ್ಮ ಮನೆಗಳಲ್ಲಿ ಇಂಥ ಗಾಡಿ ಬರುವುದು ಒಬ್ಬ ಮಗ ಗಲ್ಫಿನ ಬಿಸಿಲಲ್ಲಿ ಹತ್ತು ವರ್ಷ ದುಡಿದ ಮೇಲೆ. ಅದರಲ್ಲಿ ಕೂರುವುದು ಅವನೊಬ್ಬನೇ ಅಲ್ಲ. ಉಮ್ಮ, ಹೆಂಡತಿ, ತಂಗಿ, ಮಕ್ಕಳು ಎಲ್ಲರೂ ಕೂರುತ್ತಾರೆ. ಹಾಗಾಗಿ ಗಾಡಿಯ ಕೆಳಗೆ ಏನು ಮಾಡಿಸುತ್ತಾರೆ ಎಂಬುದನ್ನು ಮನೆಮಂದಿಯೂ ತಿಳಿದಿರಬೇಕು. ಕಲಿಸಿದ ಮಕ್ಕಳಲ್ಲಿ ಕೆಲವರು ಈಗ ಗ್ಯಾರೇಜು ನಡೆಸುತ್ತಿದ್ದಾರೆ. ಅವರ ಹತ್ತಿರ ಕೂತು ಕೇಳಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಕಂಪೆನಿ ಹಿಂಭಾಗ ಎತ್ತರ ಇಟ್ಟದ್ದೇಕೆ?

ಅದು ಕಂಪೆನಿಯವರ ಕೈತಪ್ಪು ಅಲ್ಲ, ಲೆಕ್ಕ ಹಾಕಿಯೇ ಇಟ್ಟದ್ದು. ಏಳು ಜನ ಕೂರುವ ಗಾಡಿಯಲ್ಲಿ ಹಿಂದಿನ ಸೀಟು ತುಂಬಿ, ಡಿಕ್ಕಿಗೆ ಸಾಮಾನು ಬಿದ್ದರೆ ಭಾರವೆಲ್ಲ ಹಿಂದಿನ ಸ್ಪ್ರಿಂಗಿನ ಮೇಲೆ. ಆಗ ಹಿಂಭಾಗ ಕೆಳಗೆ ಬಂದು ಗಾಡಿ ಸಮವಾಗಿ ನಿಲ್ಲುತ್ತದೆ. ಖಾಲಿ ಇರುವಾಗ ಕಾಣುವ ಆ ಇಳಿಜಾರು ಭಾರ ಹೊರುವುದಕ್ಕೆ ಬಿಟ್ಟ ಜಾಗ.

ನಮ್ಮ ಮನೆಗಳಲ್ಲಿ ಗಾಡಿ ಖಾಲಿ ಓಡುವುದು ಎಷ್ಟು ದಿನ? ವಿಮಾನ ನಿಲ್ದಾಣಕ್ಕೆ ಹೋಗುವಾಗ ಇಡೀ ಕುಟುಂಬ, ಜೊತೆಗೆ ಹಗ್ಗ ಬಿಗಿದ ಪೆಟ್ಟಿಗೆಗಳು. ಮದುವೆಗೆ ಹೋಗುವಾಗ ಹಿಂದಿನ ಸೀಟಿನಲ್ಲಿ ಮಕ್ಕಳ ದಂಡು. ಮೊದಲೇ ಎದುರು ಎತ್ತಿ ಸಮ ಮಾಡಿದ ಗಾಡಿಗೆ ಇಷ್ಟು ಭಾರ ಬಿದ್ದರೆ ಹಿಂಭಾಗ ಕುಸಿದು ಮೂತಿ ಮೇಲಾಗುತ್ತದೆ. ಅಂಗಳದಲ್ಲಿ ಚಂದ ಕಂಡದ್ದು ರಸ್ತೆಯಲ್ಲಿ ಹಾಗೆ ಉಳಿಯುವುದಿಲ್ಲ.

ಸ್ಪೇಸರ್ ಎಂದರೆ ಎಂತ?

ಸ್ಪೇಸರ್ ಒಂದು ದಪ್ಪ ಬಿಲ್ಲೆ. ಅಲ್ಯೂಮಿನಿಯಂ, ಉಕ್ಕು ಅಥವಾ ಗಟ್ಟಿ ಪಾಲಿಯುರೆಥೇನಿನಿಂದ ಮಾಡಿರುತ್ತಾರೆ. ಫಾರ್ಚುನರ್, ಇನ್ನೋವಾ ಕ್ರಿಸ್ಟಾ, ಸ್ಕಾರ್ಪಿಯೋ ಎನ್, ಹೊಸ ಥಾರ್ ಇವುಗಳ ಮುಂದಿನ ಚಕ್ರ ಮೇಲೊಂದು ಕೆಳಗೊಂದು ಆರ್ಮ್‌ಗಳ ನಡುವೆ ನಿಂತಿರುತ್ತದೆ. ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಒಂದೇ ಕಂಬದ ಹಾಗೆ ಜೊತೆಗಿರುತ್ತವೆ. ಆ ಕಂಬದ ತಲೆ ಮತ್ತು ಗಾಡಿಯ ಚಾಸಿಯ ನಡುವೆ ಬಿಲ್ಲೆ ಇಟ್ಟು ಬೋಲ್ಟ್ ಬಿಗಿದರೆ ಕಂಬ ಅಷ್ಟು ಕೆಳಗೆ ಹೋಗಿ ಗಾಡಿಯ ಎದುರು ಮೇಲೇಳುತ್ತದೆ.

ಇಲ್ಲಿ ಹಲವರು ಲೆಕ್ಕ ತಪ್ಪುತ್ತಾರೆ. ಅರ್ಧ ಇಂಚಿನ ಬಿಲ್ಲೆ ಇಟ್ಟರೆ ಗಾಡಿ ಏಳುವುದು ಅರ್ಧ ಇಂಚಲ್ಲ, ಮುಕ್ಕಾಲರಿಂದ ಒಂದು ಇಂಚಿನವರೆಗೆ. ಬಾಗಿಲನ್ನು ತಿರುಗಣಿಯ ಹತ್ತಿರ ಸ್ವಲ್ಪ ದೂಡಿ ನೋಡಿ, ಹಿಡಿಕೆಯ ಕಡೆ ಎಷ್ಟೋ ಹೆಚ್ಚು ಸರಿಯುತ್ತದೆ. ಹಾಗೆಯೇ ಈ ಕಂಬ ಕೆಳಗಿನ ಆರ್ಮಿನ ನಡುಭಾಗದಲ್ಲಿ ಕೂತಿದೆ, ಚಕ್ರ ಇರುವುದು ಅದರ ತುದಿಯಲ್ಲಿ. ಕ್ರೆಟಾ, ಸೆಲ್ಟೋಸ್‌ನಂಥ ಗಾಡಿಗಳಲ್ಲಿ ಕಂಬ ನೇರ ಚಕ್ರದ ಗೆಣ್ಣಿನ ಮೇಲೆಯೇ ಕೂರುವುದರಿಂದ ಬಿಲ್ಲೆ ಎಷ್ಟು ದಪ್ಪವೋ ಗಾಡಿ ಹೆಚ್ಚುಕಮ್ಮಿ ಅಷ್ಟೇ ಏಳುತ್ತದೆ. ಒಂದು ಗಾಡಿಯ ಬಿಲ್ಲೆಯನ್ನು ಇನ್ನೊಂದಕ್ಕೆ ಅಂದಾಜಿನಲ್ಲಿ ಹಾಕಬಾರದು ಎನ್ನುವುದು ಇದಕ್ಕೇ.

ಇನ್ನೊಂದು ಬಗೆಯ ಬಿಲ್ಲೆಯನ್ನು ಸ್ಪ್ರಿಂಗಿನ ಮೇಲೆಯೇ, ಕಂಬದ ಒಳಗೆ ಇಡುತ್ತಾರೆ. ಇದರಲ್ಲಿ ಸ್ಪ್ರಿಂಗ್ ಇನ್ನಷ್ಟು ಒತ್ತಿಕೊಂಡು ಕೂರುತ್ತದೆ. ಚಕ್ರ ಹೊಂಡಕ್ಕೆ ಇಳಿಯುವಾಗ ಶಾಕ್ ಅಬ್ಸಾರ್ಬರ್ ಪೂರ್ತಿ ಉದ್ದಕ್ಕೆ ಎಳೆದುಕೊಂಡು 'ಟಕ್' ಎಂದು ಸದ್ದು ಮಾಡುತ್ತದೆ. ಸವಾರಿ ಗಡುಸಾಗುತ್ತದೆ. ಇದನ್ನು ಕೂರಿಸಲು ಸ್ಪ್ರಿಂಗನ್ನು ಯಂತ್ರದಲ್ಲಿ ಅದುಮಿ ಹಿಡಿದು ಬಿಚ್ಚಬೇಕು. ಸ್ಪ್ರಿಂಗ್ ಅದುಮಿರುವಾಗ ಕಂಬದ ತಲೆಯ ನಡುವಿನ ನಟ್ಟನ್ನು ಸುಮ್ಮನೆ ತಿರುಗಿಸಿದರೆ ಅದು ಗುಂಡಿನ ಹಾಗೆ ಚಿಮ್ಮುತ್ತದೆ, ಎದುರಿಗಿದ್ದವನ ಪ್ರಾಣವನ್ನೇ ತೆಗೆಯಬಹುದು. ಮನೆಯ ಅಂಗಳದಲ್ಲಿ ಜ್ಯಾಕ್ ಇಟ್ಟು ಮಾಡುವ ಕೆಲಸ ಇದಲ್ಲ ಎಂದು ಮಕ್ಕಳಿಗೆ ಖಂಡಿತವಾಗಿ ಹೇಳಿ.

ಎತ್ತಿದ ಮೇಲೆ ಏನೇನು ಬದಲಾಗುತ್ತದೆ

ಗಾಡಿ ಒಂದು ಇಂಚು ಎದ್ದರೆ ಅದರ ಜೊತೆ ಹತ್ತು ಸಂಗತಿ ಕದಲುತ್ತವೆ. ಮೊದಲನೆಯದು ಚಕ್ರದ ಕೋನ. ಸ್ಟೇರಿಂಗ್ ತಿರುಗಿಸಿ ಬಿಟ್ಟರೆ ತಾನಾಗಿ ನೆಟ್ಟಗೆ ಬರುವ ಗುಣ ಕಡಿಮೆಯಾಗುತ್ತದೆ, ಹೆದ್ದಾರಿಯಲ್ಲಿ ಗಾಡಿ ಅತ್ತಿತ್ತ ಎಳೆಯುತ್ತದೆ, ಟಯರಿನ ಒಂದು ಅಂಚು ಬೇಗ ಸವೆಯುತ್ತದೆ. ಸ್ಪೇಸರ್ ಹಾಕಿದ ದಿನವೇ ವೀಲ್ ಅಲೈನ್‌ಮೆಂಟ್ ಮಾಡಿಸಬೇಕು. ಅಲೈನ್‌ಮೆಂಟಿನಲ್ಲಿ ಸರಿಪಡಿಸಲು ಆಗದಷ್ಟು ಎತ್ತಿದರೆ ಮೇಲಿನ ಆರ್ಮನ್ನೇ ಬದಲಿಸಬೇಕಾಗುತ್ತದೆ. ಕೆಲವು ಸಾವಿರದ ಕೆಲಸ ಎಂದು ಹೊರಟದ್ದು ಆಗ ಎಲ್ಲಿಗೋ ಹೋಗಿ ನಿಲ್ಲುತ್ತದೆ.

ಎರಡನೆಯದು ಆ್ಯಕ್ಸಲ್. ಫೋರ್ ಬೈ ಫೋರ್ ಗಾಡಿಯಲ್ಲಿ ಮುಂದಿನ ಚಕ್ರಕ್ಕೂ ಆ್ಯಕ್ಸಲ್ ಇರುತ್ತದೆ. ಗಾಡಿ ಮೇಲೆದ್ದಂತೆ ಅದು ಹೆಚ್ಚು ಓರೆಯಾಗುತ್ತದೆ, ಸಿವಿ ಜಾಯಿಂಟ್ ಬೇಗ ಸವೆಯುತ್ತದೆ, ರಬ್ಬರ್ ಬೂಟ್ ಹರಿದು ಗ್ರೀಸ್ ಹೊರಗೆ ಚಿಮ್ಮುತ್ತದೆ. ಹಿಂದಿನ ಚಕ್ರ ಮಾತ್ರ ಎಳೆಯುವ ಫಾರ್ಚುನರ್‌ಗೆ ಮುಂದೆ ಆ್ಯಕ್ಸಲ್ ಇಲ್ಲದ ಕಾರಣ ಈ ಒಂದು ತಲೆಬಿಸಿ ಇಲ್ಲ. ಆದರೆ ಬಾಲ್ ಜಾಯಿಂಟ್, ಬ್ರೇಕಿನ ಪೈಪು, ಎಬಿಎಸ್ ವಯರು ಎಲ್ಲ ಗಾಡಿಗಳಲ್ಲೂ ಉಂಟು. ಚಕ್ರ ಪೂರ್ತಿ ಕೆಳಗೆ ಜೋತಾಗ ಇವು ಬಿಗಿಯಾಗಿ ಎಳೆದುಕೊಳ್ಳಬಾರದು.

ಮೂರನೆಯದನ್ನೇ ಹೆಚ್ಚಿನವರು ಮರೆಯುವುದು: ಹೆಡ್‌ಲೈಟ್. ಮೂತಿ ಮೇಲಾದರೆ ಬೆಳಕೂ ಮೇಲಾಗುತ್ತದೆ. ಮಳೆಗಾಲದ ರಾತ್ರಿ ಶಿರಾಡಿ ಅಥವಾ ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಎದುರಿನಿಂದ ಬೈಕಿನಲ್ಲಿ ಬರುವವನನ್ನು ನೆನೆಸಿಕೊಳ್ಳಿ. ಡಿಮ್ ಹಾಕಿದರೂ ನಿಮ್ಮ ಲೈಟು ನೇರ ಅವನ ಕಣ್ಣಿಗೆ. ಅವನಿಗೆ ಒಂದು ಕ್ಷಣ ರಸ್ತೆಯೇ ಇಲ್ಲ. ಹಿಂದಿನ ಸೀಟಿನಲ್ಲಿ ಭಾರ ತುಂಬಿದ್ದರೆ ಇದು ಇನ್ನೂ ಹೆಚ್ಚು. ನಮ್ಮ ಗಾಡಿಯ ಚಂದಕ್ಕೆ ಬೇರೆ ಮನೆಯ ಮಗನ ಕಣ್ಣು ಕುರುಡಾಗಬಾರದು. ಹೆಡ್‌ಲೈಟನ್ನು ತಗ್ಗಿಸಿ ಕೂರಿಸುವುದು ಕೆಲವೇ ನಿಮಿಷದ ಕೆಲಸ, ಆದರೂ ಅದನ್ನು ಕೇಳಿ ಮಾಡಿಸುವವರು ಕಡಿಮೆ.

ನೀರು, ಹೊಂಡ ದಾಟುವ ಆಸೆಯ ಬಗ್ಗೆಯೂ ಒಂದು ಮಾತು. ಸ್ಪೇಸರಿನಿಂದ ಏಳುವುದು ಗಾಡಿಯ ಎದುರು ಮಾತ್ರ. ಫಾರ್ಚುನರ್‌ನಂಥ ಗಾಡಿಯಲ್ಲಿ ಹಿಂದಿನ ಆ್ಯಕ್ಸಲಿನ ನಡುವಿನ ಗುಂಡು ನೆಲದಿಂದ ಎಷ್ಟು ಮೇಲಿತ್ತೋ ಅಷ್ಟೇ ಇರುತ್ತದೆ. ಎದುರಿನ ಬಂಪರ್ ದಿಬ್ಬಕ್ಕೆ ತಾಗದೆ ಇರಬಹುದು, ಅಷ್ಟೇ ಲಾಭ. ಮರಳುಗಾಡಿನ ದಿಬ್ಬ ಹತ್ತುವವರಿಗೆ ಆ ಲಾಭ ನಿಜವಾಗಿ ಬೇಕು, ಹಾಗಾಗಿ ಗಲ್ಫಿನಲ್ಲಿ ಲ್ಯಾಂಡ್ ಕ್ರೂಸರ್‌ಗಳನ್ನು ಎತ್ತಿಸುತ್ತಾರೆ. ನಮ್ಮ ಹುಡುಗರು ನೋಡಿ ಬಂದದ್ದು ಅದನ್ನೇ. ಆದರೆ ಯುಎಇಯಲ್ಲಿಯೂ ಅನುಮತಿ ಇಲ್ಲದೆ ಗಾಡಿ ಬದಲಾಯಿಸಿದರೆ ದಂಡ ಬೀಳುತ್ತದೆ ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತು.

ಕಾನೂನು ಏನು ಹೇಳುತ್ತದೆ

ಊರಿನ ಕಾನೂನೂ ಸಡಿಲ ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಕೊಟ್ಟ ವಿವರಕ್ಕೂ ಆರ್‌ಸಿಯಲ್ಲಿ ಇರುವುದಕ್ಕೂ ಹೊಂದದ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷ ತಿದ್ದುಪಡಿಯಾದ 182ಎ ಕಲಮಿನಲ್ಲಿ, ಅನುಮತಿ ಇಲ್ಲದೆ ಬಿಡಿಭಾಗ ಹಾಕಿ ಗಾಡಿ ಬದಲಾಯಿಸಿದ ಮಾಲೀಕನಿಗೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸಜೆ, ಅಥವಾ ಎರಡನ್ನೂ ಹಾಕಲು ಅವಕಾಶ ಉಂಟು. ದಂಡ ಕಟ್ಟಿದರೆ ಮುಗಿಯಿತು ಅಂದುಕೊಳ್ಳಬೇಡಿ. ಅಪಘಾತವಾದರೆ ವಿಮಾ ಕಂಪೆನಿ ತಕರಾರು ತೆಗೆಯಲು ಇದೊಂದು ದಾರಿಯಾಗುತ್ತದೆ. ವಾರಂಟಿಯಲ್ಲಿರುವ ಹೊಸ ಗಾಡಿಯಾದರೆ ಸಸ್ಪೆನ್ಷನ್ ಕೆಟ್ಟಾಗ ಶೋರೂಮಿನವರು ಕೈ ಎತ್ತಬಹುದು. ಗ್ಯಾರೇಜಿನವರು "ಏನೂ ಆಗುವುದಿಲ್ಲ" ಎಂದರೆ ಸಾಲದು. ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಮೂತಿ ನಿಜವಾಗಿ ಕುಸಿದಿದ್ದರೆ?

ಕೆಲವು ಗಾಡಿಗಳಲ್ಲಿ ಎದುರು ತಗ್ಗಲು ಬೇರೆ ಕಾರಣ ಇರುತ್ತದೆ. ನಮಗೆ ಪರಿಚಯದ ಒಂದು ಮನೆಯಲ್ಲಿ ರಜೆಗೆ ಬಂದ ಮಗ ಸ್ಪೇಸರ್ ಹಾಕಿಸಲು ಹೊರಟಿದ್ದ. ಅವನ ಬಾಪ ಹಳೆಯ ಲಾರಿ ಡ್ರೈವರ್. "ಮೋನೇ, ಮೊದ್ಲು ಅಳತೆ ತೆಗಿ, ಮತ್ತೆ ಖರ್ಚು ಮಾಡು" ಎಂದರು. ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಟಯರಿನ ಗಾಳಿ ಸರಿ ಮಾಡಿ, ನಾಲ್ಕೂ ಚಕ್ರದ ನಡುವಿನಿಂದ ಮೇಲಿನ ಮಡ್‌ಗಾರ್ಡಿನ ಅಂಚಿನವರೆಗೆ ಟೇಪು ಹಿಡಿದರು. ಎದುರಿನ ಎಡಕ್ಕೂ ಬಲಕ್ಕೂ ಬೆರಳಿನಷ್ಟು ವ್ಯತ್ಯಾಸ. ಸ್ಪ್ರಿಂಗ್ ಸೋತಿತ್ತು. ಎದುರಿನ ಎರಡು ಸ್ಪ್ರಿಂಗ್ ಜೋಡಿಯಾಗಿ ಬದಲಿಸಿದ್ದೇ ಗಾಡಿ ತನ್ನ ಎತ್ತರಕ್ಕೆ ಬಂತು. ಸೋತ ಸ್ಪ್ರಿಂಗಿನ ಮೇಲೆ ಬಿಲ್ಲೆ ಇಟ್ಟಿದ್ದರೆ ರೋಗ ಒಳಗೇ ಉಳಿಯುತ್ತಿತ್ತು.

ಎದುರಿಗೆ ಕಬ್ಬಿಣದ ಬುಲ್ ಬಾರ್ ಹಾಕಿಸಿ, ಆ ಭಾರಕ್ಕೆ ಮೂತಿ ತಗ್ಗಿತೆಂದು ಸ್ಪೇಸರ್ ಕೇಳುವವರೂ ಇದ್ದಾರೆ. ಬುಲ್ ಬಾರ್ ಹಾಕುವುದರ ವಿರುದ್ಧ ಕ್ರಮ ತೆಗೆದುಕೊಳ್ಳಲು ಕೇಂದ್ರ ಸಾರಿಗೆ ಸಚಿವಾಲಯ 2017ರಲ್ಲೇ ರಾಜ್ಯಗಳಿಗೆ ಬರೆದಿದೆ. ಅದನ್ನು ಬಿಚ್ಚಿದರೆ ಕಾಸಿಲ್ಲದೆ ಅರ್ಧ ಕೆಲಸ ಮುಗಿಯುತ್ತದೆ.

ಇಷ್ಟಾದರೂ ಅನುಮತಿ ಸಿಕ್ಕಿ ಮಾಡಿಸುವುದೇ ಆದರೆ ಕೆಲವು ಮಾತು ನೆನಪಿರಲಿ. ಆ ಗಾಡಿಗೆಂದೇ ಮಾಡಿದ ಬಿಲ್ಲೆಯನ್ನೇ ಹಾಕಿಸಿ, ಲೇತಿನಲ್ಲಿ ಕಡೆಸಿದ್ದು ಬೇಡ. ಒಂದರ ಮೇಲೆ ಒಂದು ಬಿಲ್ಲೆ ಯಾವತ್ತೂ ಇಡಬಾರದು. ಗಾಡಿ ಬರೀ ಜ್ಯಾಕಿನ ಮೇಲೆ ನಿಂತಿರುವಾಗ ಕೆಳಗೆ ಯಾರೂ ಹೋಗಬಾರದು, ಗಟ್ಟಿ ಸ್ಟ್ಯಾಂಡ್ ಬೇಕು. ಬೋಲ್ಟುಗಳನ್ನು ಟಾರ್ಕ್ ರೆಂಚಿನಲ್ಲಿ ಅಳತೆಗೆ ಬಿಗಿಯಬೇಕು. ಆರ್ಮಿನ ಬುಷ್ ಇರುವ ಬೋಲ್ಟುಗಳ ಕೊನೆಯ ಬಿಗಿತ ಗಾಡಿ ಚಕ್ರದ ಮೇಲೆ ನಿಂತ ಮೇಲೆಯೇ. ಇಲ್ಲದಿದ್ದರೆ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ. ಆಮೇಲೆ ಅಲೈನ್‌ಮೆಂಟ್, ಹೆಡ್‌ಲೈಟ್. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಬೋಲ್ಟುಗಳನ್ನು ಇನ್ನೊಮ್ಮೆ ನೋಡಿಸಬೇಕು.

ಮಕ್ಕಳ ಆಸೆಯನ್ನು ಬಾಯಿ ಮುಚ್ಚಿಸಿ ತಡೆಯಲು ಆಗುವುದಿಲ್ಲ. ಬಯ್ದರೆ ಅವರು ಮನೆಗೆ ಹೇಳದೆ ಮಾಡಿಸಿಕೊಂಡು ಬರುತ್ತಾರೆ. ಅದರ ಬದಲು ಟೇಪು ಹಿಡಿದು ಜೊತೆಗೆ ಅಳತೆ ತೆಗೆಯಿರಿ. ಆರು ಜನರನ್ನು ಕೂರಿಸಿ, ಡಿಕ್ಕಿಗೆ ಎರಡು ಅಕ್ಕಿ ಮೂಟೆ ಹಾಕಿ ಇನ್ನೊಮ್ಮೆ ಅಳೆಯಿರಿ. ಭಾರ ಬಿದ್ದಾಗ ಗಾಡಿ ತಾನಾಗಿ ಸಮಕ್ಕೆ ಬರುವುದನ್ನು ಹುಡುಗ ಕಣ್ಣಾರೆ ನೋಡಿದರೆ, ಸ್ಪೇಸರ್ ಬೇಕೋ ಬೇಡವೋ ಎಂಬ ಲೆಕ್ಕವನ್ನು ಅವನೇ ಹಾಕುತ್ತಾನೆ. ಉಳಿದ ಹಣಕ್ಕೆ ನಾಲ್ಕು ಒಳ್ಳೆ ಟಯರ್ ಹಾಕಿಸಲಿ. ಮಳೆಯಲ್ಲಿ ಬ್ರೇಕ್ ಒತ್ತಿದಾಗ ಇಡೀ ಮನೆಯನ್ನು ನಿಲ್ಲಿಸಿ ಕೊಡುವುದು ಅವೇ.